ತರಬೇತಿಯಲ್ಲಿ ಮಾತು ತಡೆಯುವವರು, ಗುಟ್ಟು ಹೊರಹಾಕುವವರು

ಪ್ರಶ್ನೆ: ನಾನು ಶಿಕ್ಷಕರ ವೃತ್ತಿ ತರಬೇತಿ ನಡೆಸುತ್ತಿದ್ದೇನೆ. ಕಿರಿಯರು ಬಾಯಿ ತೆರೆದರೆ ಸಾಕು, ಹಿರಿಯರೊಬ್ಬರು ‘ಅನುಭವ ಸಾಲದು’ ಎಂದು ತಡೆಯುತ್ತಾರೆ. ಗುಂಪಿನಲ್ಲಿ ಒಬ್ಬರು ಹೇಳಿಕೊಂಡ ಸೋಲನ್ನು ಮತ್ತೊಬ್ಬರು ಹೊರಗೆ ಹರಡಿದ್ದಾರೆ. ನಿಯಮ ಬರೆಯಬೇಕೇ, ಕರೆದು ಹೇಳಿದರೆ ಸಾಕೇ?

ಉತ್ತರ: ಎರಡೂ ಒಂದೇ ತೂಕದವಲ್ಲ. ಹಿರಿಯರಿಗೆ ವಿರಾಮದಲ್ಲಿ ಹೇಳಿ, ಎಲ್ಲರೆದುರು ಬೇಡ. ಗುಟ್ಟಿಗೆ ಮಾತ್ರ ಬರಹದ ನಿಯಮವೇ ಬೇಕು. ಲಂಡನ್ನಿನ ಚಿಂತನಾ ಸಂಸ್ಥೆ ಚಾಥಮ್ ಹೌಸ್‌ನ 1927ರ ನಿಯಮ ನೋಡಿ: ಕೇಳಿದ್ದನ್ನು ಬಳಸಬಹುದು, ಹೇಳಿದವರು ಯಾರೆಂದು ಬಯಲು ಮಾಡುವಂತಿಲ್ಲ.

ಇನ್ನೊಂದು ಉತ್ತರ: ‘ಪರಸ್ಪರ ಗೌರವವಿರಲಿ’ ಎಂದು ಬರೆದರೆ ಯಾರಿಗೂ ತಾಗುವುದಿಲ್ಲ. ‘ಟೀಕೆ ಪಾಠದ ಬಗ್ಗೆ ಇರಲಿ, ಪಾಠ ಮಾಡಿದವರ ಬಗ್ಗೆ ಅಲ್ಲ’ ಎಂದು ಬರೆಯಿರಿ. ದೂರು ಯಾರಿಗೆ ಕೊಡಬೇಕೆಂಬುದನ್ನೂ ಸೇರಿಸಿ. ದೂರು ನಿಮ್ಮ ಮೇಲೆಯೇ ಬಂದರೆ? ಎರಡನೆಯ ಹೆಸರೂ ಇರಲಿ.

ಪ್ರಶ್ನೆ ಕೇಳಿದವರು: ಅದು ಹೊಳೆದೇ ಇರಲಿಲ್ಲ. ಸಹತರಬೇತುದಾರರ ಹೆಸರು ಸೇರಿಸುತ್ತೇನೆ.