ಸಮುದ್ರದಲ್ಲಿ ‘ಮೇಡೇ’ ಕರೆಯುವುದು ಹೇಗೆ?

ಪ್ರಶ್ನೆ (ಸೋಮವಾರಪೇಟೆ): ನಮಸ್ಕಾರ ಸರ್. ನನ್ನ ತಮ್ಮ ಮಂಗಳೂರಿನಲ್ಲಿ ಮೀನುಗಾರಿಕೆ ಬೋಟಿಗೆ ಸೇರಿದ್ದಾನೆ. ಬೋಟಿನಲ್ಲಿ ವೈರ್‌ಲೆಸ್ ಇದೆ, ಆದರೆ ಅದನ್ನು ಬಳಸಲು ತಿಳಿದಿರುವುದು ಬೋಟು ನಡೆಸುವ ತಂಡೇಲರೊಬ್ಬರಿಗೆ ಮಾತ್ರ. ಅವರಿಗೇ ಏನಾದರೂ ಆದರೆ ಇವನು ಏನೆಂದು ಕೂಗಬೇಕು?

ಉತ್ತರ (ನಿವೃತ್ತ ಹಡಗು ರೇಡಿಯೊ ಅಧಿಕಾರಿ, ವಿರಾಜಪೇಟೆ): ನಮಸ್ಕಾರ ತಂಗಿ. ಪ್ರಾಣಕ್ಕೋ ಬೋಟಿಗೋ ಅಪಾಯ ಬಂದಾಗ ವೈರ್‌ಲೆಸ್‌ನಲ್ಲಿ ನೆರವಿಗಾಗಿ ಕೂಗುವ ಕರೆಯೇ ‘ಮೇಡೇ’. ಸೆಟ್ಟನ್ನು 16ನೇ ಚಾನೆಲ್‌ಗೆ, ಅಂದರೆ 156.8 ಮೆಗಾಹರ್ಟ್ಸ್‌ಗೆ ಇಟ್ಟು, ಪೂರ್ಣ ಶಕ್ತಿಯಲ್ಲಿ, ಮೈಕಿನ ಗುಂಡಿ ಒತ್ತಿಕೊಂಡು ‘ಮೇಡೇ’ ಎಂದು ಮೂರು ಸಲ, ‘ದಿಸ್ ಈಸ್’ ಎಂದು ಬೋಟಿನ ಹೆಸರನ್ನು ಮೂರು ಸಲ ಹೇಳಬೇಕು. ಮತ್ತೊಮ್ಮೆ ‘ಮೇಡೇ’ ಮತ್ತು ಹೆಸರು ಹೇಳಿದ ಕೂಡಲೇ, ಬೇರೇನನ್ನೂ ಹೇಳುವ ಮೊದಲು, ಜಿಪಿಎಸ್ ತೋರಿಸುತ್ತಿರುವ ಅಕ್ಷಾಂಶ ರೇಖಾಂಶಗಳನ್ನು ಓದಬೇಕು. ಏನಾಗಿದೆ, ಯಾವ ನೆರವು ಬೇಕು, ಬೋಟಿನಲ್ಲಿ ಎಷ್ಟು ಜನರಿದ್ದಾರೆ ಎಂಬುದೆಲ್ಲ ಅನಂತರ. ಕೊನೆಗೆ ‘ಓವರ್’ ಎಂದು ಗುಂಡಿ ಬಿಡಬೇಕು. ಬಿಡದಿದ್ದರೆ ಉತ್ತರ ಕೇಳಿಸುವುದಿಲ್ಲ.

ಜಾಗವನ್ನು ಮೊದಲು ಹೇಳಬೇಕೆಂದು ನಾನು ಒತ್ತಿ ಹೇಳಲು ಕಾರಣವಿದೆ. 2018ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಗುಡ್ಡಗಳು ಕುಸಿದಾಗ ನನಗೆ ಬಂದ ಕರೆಯೊಂದರಲ್ಲಿ ‘ಮನೆ ಹಿಂದಿನ ಬರೆ (ಮಣ್ಣಿನ ದಿಬ್ಬ) ಜಾರುತ್ತಿದೆ’ ಎಂಬಷ್ಟೇ ಕೇಳಿ ಲೈನ್ ಕಡಿದುಹೋಯಿತು. ಯಾವ ಊರೆಂದು ತಿಳಿಯಲು ಒಂದು ಗಂಟೆ ಹಿಡಿಯಿತು. ಬೋಟು ಮುಳುಗುವಾಗ ಬ್ಯಾಟರಿಗೆ ನೀರು ನುಗ್ಗಿದರೆ ಎರಡನೆಯ ಮಾತಿಗೆ ಅವಕಾಶವೇ ಇರುವುದಿಲ್ಲ.

ವೈರ್‌ಲೆಸ್‌ನ ರೇಡಿಯೊ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಷ್ಟೇ ದೂರ ಸಾಗುತ್ತವೆ. ನಾಲ್ಕು ಮೀಟರ್ ಎತ್ತರದ ಆಂಟೆನಾಗಳಿರುವ ಎರಡು ಬೋಟುಗಳ ನಡುವೆ ಸುಮಾರು 9 ನಾಟಿಕಲ್ ಮೈಲಿಗಿಂತ (ಸುಮಾರು 17 ಕಿ.ಮೀ.) ಆಚೆ ಭರವಸೆ ಇಡಲಾಗದು. ಆದ್ದರಿಂದ ದಡಕ್ಕೆ ಕೇಳಿಸದಿದ್ದರೂ ಹತ್ತಿರದ ಬೋಟಿಗೆ ಕೇಳಿಸಬಹುದು. ಅವರು ‘ಮೇಡೇ ರಿಲೇ’ ಎಂದು ಅದನ್ನು ಮುಂದಕ್ಕೆ ದಾಟಿಸುತ್ತಾರೆ. ಉತ್ತರ ಬರುವವರೆಗೆ ಕರೆಯನ್ನು ಮತ್ತೆ ಮತ್ತೆ ಹೇಳುತ್ತಿರಲಿ. ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡ್‌ನ 1554ಕ್ಕೂ ಕರೆ ಮಾಡಬಹುದು.

ಪ್ರಶ್ನೆ (ಕುಶಾಲನಗರ): ಎಂಜಿನ್ ಕೆಟ್ಟು ನಿಂತರೂ ‘ಮೇಡೇ’ ಎನ್ನಬಹುದೇ ಸರ್?

ಉತ್ತರ: ಪ್ರಾಣಕ್ಕೋ ಬೋಟಿಗೋ ತಕ್ಷಣದ ಅಪಾಯವಿಲ್ಲದಿದ್ದರೆ ಬೇಡ. ಆಗ ‘ಪಾನ್ ಪಾನ್’ ಎಂದು ಮೂರು ಸಲ ಹೇಳಬೇಕು. ಅದೇ ಬೋಟು ಬಂಡೆಯತ್ತ ತೇಲತೊಡಗಿದರೆ ಹಿಂಜರಿಯದೆ ‘ಮೇಡೇ’ ಎನ್ನಬೇಕು.

ಪ್ರಶ್ನೆ (ಸೋಮವಾರಪೇಟೆ): ತಮ್ಮನಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಸರ್.

ಉತ್ತರ: ‘ಮೇಡೇ’ ಎಂಬ ಪದ ಮತ್ತು ಅಂಕಿಗಳು ಇಂಗ್ಲಿಷಿನಲ್ಲಿ ಬಂದರೆ ಸಾಕು, ಉಳಿದದ್ದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಲಿ, ಸುತ್ತಲಿನ ಬೋಟುಗಳವರಿಗೆ ಅರ್ಥವಾಗುತ್ತದೆ. ಅಂಕಿಗಳನ್ನು ಮಾತ್ರ ಬಿಡಿಬಿಡಿಯಾಗಿ ಓದಬೇಕು: 12 ಎಂಬುದನ್ನು ‘ಟ್ವೆಲ್ವ್’ ಎನ್ನದೆ ‘ವನ್, ಟೂ’ ಎಂದು.