ಚರಂಡಿ ಹುಲ್ಲಿಗೆ ಹೊಡೆದ ಔಷಧಿ ನಮ್ಮ ಗಿಡಗಳಿಗೂ ಬಿದ್ದಿದೆ: 3ನೇ ಕ್ರಾಸ್‌ನವರು ದಯವಿಟ್ಟು ಓದಿ

ಮನೆ ನಂ. 17:
ಎಲ್ಲರಿಗೂ ನಮಸ್ಕಾರ. ಎರಡು ವಾರದ ಹಿಂದೆ ಮಂಗಳವಾರ ಪಾಲಿಕೆ ಕಡೆಯಿಂದ ಇಬ್ಬರು ಬಂದು ಚರಂಡಿ ಪಕ್ಕದ ಹುಲ್ಲಿಗೆ, ಕಾಂಗ್ರೆಸ್ ಗಿಡಕ್ಕೆ ಔಷಧಿ ಹೊಡೆದು ಹೋದರು. ಬೆನ್ನಿಗೆ ಪಂಪು ಹಾಕಿಕೊಂಡಿದ್ದರು. ಆವತ್ತು ಗಾಳಿ ಜೋರಾಗಿತ್ತು. ಈಗ ನಮ್ಮ ಕಾಂಪೌಂಡ್ ಒಳಗಿನ ಕನಕಾಂಬರ, ಗುಲಾಬಿ, ದೊಡ್ಡಪತ್ರೆ ಎಲ್ಲ ಹಳದಿ ತಿರುಗಿವೆ. ಗ್ರಿಲ್ಲಿಗೆ ಹಬ್ಬಿಸಿದ್ದ ಬಸಳೆ ಜೋತುಬಿದ್ದಿದೆ. ಬೇರೆ ಯಾರ ಮನೆಯಲ್ಲಾದರೂ ಹೀಗಾಗಿದೆಯಾ?

ಮನೆ ನಂ. 22:
ನಮ್ಮದೂ ಅದೇ ಕಥೆ! ಗೊಬ್ಬರ ಜಾಸ್ತಿ ಹಾಕಿಬಿಟ್ಟರು ಅಂತ ನಮ್ಮ ಯಜಮಾನರನ್ನು ಸುಮ್ನೆ ಬೈದುಬಿಟ್ಟೆ.

ಮನೆ ನಂ. 9:
ನಮ್ಮ ಕರಿಬೇವಿನಲ್ಲಿ ರಸ್ತೆ ಕಡೆಯ ಕೊಂಬೆ ಮಾತ್ರ ಒಣಗುತ್ತಿದೆ. ಮನೆ ಕಡೆಯದು ಚೆನ್ನಾಗಿದೆ. ಫೋಟೋ ಹಾಕಿದ್ದೇನೆ ನೋಡಿ.

ಮನೆ ನಂ. 31:
ಇಷ್ಟಕ್ಕೆಲ್ಲ ದೂರಾ? ಕಳೆ ಬೆಳೆದಿದೆ, ಸೊಳ್ಳೆ ಕಾಟ ಅಂತ ಮೂರು ತಿಂಗಳಿಂದ ಇದೇ ಗುಂಪಿನಲ್ಲಿ ಕೂಗಿದ್ದು ನಾವೇ ಅಲ್ವಾ? ಹಾವಿನ ಫೋಟೋ ಹಾಕಿದ್ದೂ ನಾವೇ. ತೆಗೆಯದಿದ್ದರೂ ತಪ್ಪು, ತೆಗೆದರೂ ತಪ್ಪು.

ಮನೆ ನಂ. 17:
ಸರ್, ಕಳೆ ತೆಗೆಯಿರಿ ಅಂದೆವು, ನಿಜ. ಹೋದ ವರ್ಷ ಮಷಿನ್ ತಂದು ಸವರಿದ್ದರು. ಆಗ ಯಾರಾದರೂ ತಕರಾರು ಮಾಡಿದೆವಾ? ಈ ಸಲ ಒಂದು ಮಾತೂ ಹೇಳದೆ ಔಷಧಿ ಹೊಡೆದರು. ಹೇಳಿದ್ದರೆ ಕುಂಡಗಳನ್ನಾದರೂ ಒಳಗೆ ಎತ್ತಿಡುತ್ತಿದ್ದೆವು.

ನಿನ್ನೆ ವಾರ್ಡ್ ಆಫೀಸಿಗೆ ಹೋಗಿ ಕೇಳಿದೆ. ಮಳೆ ಜಾಸ್ತಿಯಾಗಿ ಬೇರು ಕೊಳೆತಿರುತ್ತದೆ ಅಂದರು. ಆದರೆ ಇದನ್ನು ನೋಡಿ. ಆವತ್ತು ನಾನು ಗ್ರಿಲ್ ಮೇಲೆ ಬೆಡ್‌ಶೀಟ್ ಒಣಗಲು ಹಾಕಿದ್ದೆ. ಅದರ ಹಿಂದಿದ್ದ ಕನಕಾಂಬರ ಈಗಲೂ ಹಸಿರಾಗಿದೆ, ಹೂವೂ ಬಿಟ್ಟಿದೆ. ಬೆಡ್‌ಶೀಟಿನ ಅಂಚು ಎಲ್ಲಿ ಮುಗಿದಿತ್ತೋ ಅಲ್ಲಿಂದ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಹಳದಿ ಶುರು. ಒಂದೇ ಪಾತಿ, ಒಂದೇ ಮಣ್ಣು, ಒಂದೇ ಮಳೆ. ಬೇರು ಕೊಳೆಯುವುದು ಬೆಡ್‌ಶೀಟ್ ನೋಡಿಕೊಂಡು ಕೊಳೆಯುತ್ತದಾ?

ಮನೆ ನಂ. 22:
😂 ಅಯ್ಯೋ, ಆ ಬೆಡ್‌ಶೀಟ್ ಇನ್ನೊಂದು ಸಲ ಒಗೆದಿರಾ?

ಮನೆ ನಂ. 17:
ಎರಡು ಸಲ ಒಗೆದೆ ಆಂಟಿ. ಈಗ ಅದೇ ನಮ್ಮ ಮುಖ್ಯ ಸಾಕ್ಷಿ.

ಮನೆ ನಂ. 5 (ತೋಟಗಾರಿಕೆ ಇಲಾಖೆಯಿಂದ ನಿವೃತ್ತ):
ಬೆಳಿಗ್ಗೆ ವಾಕಿಂಗ್ ಹೋಗುವಾಗ ಎಲ್ಲರ ಗಿಡ ನೋಡಿಕೊಂಡು ಬಂದೆ. 22ರವರ ಒಂದು ಕನಕಾಂಬರ ಕಿತ್ತು ನೋಡಿದೆವು. ಬೇರು ಬೆಳ್ಳಗೆ ಗಟ್ಟಿಯಾಗಿದೆ. ಕೊಳೆತ ಬೇರು ಕಂದಾಗಿ, ಎಳೆದರೆ ಸಿಪ್ಪೆ ಕೈಗೆ ಬರುತ್ತದೆ. ಇದು ಅದಲ್ಲ.

ಯಾವ ಔಷಧಿ ಅಂತ ಕೇಳಿದರೆ, ಪ್ಯಾರಾಕ್ವಾಟ್ ಆಗಿದ್ದರೆ ಒಂದೆರಡು ದಿನದಲ್ಲೇ ಎಲೆ ಸುಟ್ಟ ಹಾಗೆ ಚುಕ್ಕೆ ಬೀಳುತ್ತಿತ್ತು. 2,4-ಡಿ ಆಗಿದ್ದರೆ ಚಿಗುರು ತಿರುಚಿಕೊಂಡು ಎಲೆ ಬಟ್ಟಲಿನ ಹಾಗೆ ಮುದುಡುತ್ತಿತ್ತು. ಅದು ಅಗಲ ಎಲೆಯ ಗಿಡಗಳನ್ನು ಹಿಡಿಯುತ್ತದೆ, ಹುಲ್ಲನ್ನು ಸಾಮಾನ್ಯವಾಗಿ ಬಿಡುತ್ತದೆ. ಇಲ್ಲಿ ಗರಿಕೆಯೂ ಸತ್ತಿದೆ. ಚಿಗುರಿನಿಂದ ಹಳದಿ ಶುರುವಾಗಿ ವಾರ, ಹತ್ತು ದಿನ ಹಿಡಿದಿದೆ. ನೋಡಿದರೆ ಗ್ಲೈಫೋಸೇಟ್ ಅನ್ನಿಸುತ್ತದೆ. ಅದು ಎಲೆಯಿಂದ ಒಳಗಿಳಿದು ಬೇರಿನ ತನಕ ಹೋಗುತ್ತದೆ. ಗುಲಾಬಿ ಬದುಕಿಕೊಂಡರೂ ಮುಂದೆ ಬರುವ ಎಲೆ ಸೂಜಿಯ ಹಾಗೆ ಸಣ್ಣಗಾಗಿ, ಪೊರಕೆಯ ಹಾಗೆ ಗುಂಪುಗುಂಪಾಗಿ ಬರಬಹುದು. ಆಮೇಲೆ ಹೊಸ ರೋಗ ಅಂತ ಗಾಬರಿಯಾಗಬೇಡಿ.

ಆದರೆ ಇದು ನನ್ನ ಅಂದಾಜು. ದೂರಿನಲ್ಲಿ ಔಷಧಿಯ ಹೆಸರು ಬರೆಯಬೇಡಿ. ಬರೆದು ಅದು ಬೇರೆಯಾಗಿದ್ದರೆ ಅದನ್ನೇ ಹಿಡಿದುಕೊಂಡು ಫೈಲ್ ಮುಚ್ಚುತ್ತಾರೆ. ಏನು ಹೊಡೆದಿರಿ ಅಂತ ಅವರನ್ನೇ ಕೇಳಿ.

ಇನ್ನೊಂದು. ಬಸಳೆ, ದೊಡ್ಡಪತ್ರೆ, ಕರಿಬೇವು ಸದ್ಯಕ್ಕೆ ಅಡುಗೆಗೆ ಬೇಡ. ಮಣ್ಣು ಬದಲಿಸುವ ಅಗತ್ಯ ಕಾಣುವುದಿಲ್ಲ, ಈ ಔಷಧಿ ಮಣ್ಣಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮುಖ್ಯವಾಗಿ, ಯಾರೂ ಒಣಗಿದ ಗಿಡ ಕೀಳಬೇಡಿ. ನಾವು ಕಿತ್ತ ಆ ಒಂದೇ ಸಾಕು.

ಮನೆ ನಂ. 36:
ಇವತ್ತು ಕಾವೇರಿ ನೀರು ಬಿಡ್ತಾರಾ?

ಮನೆ ನಂ. 9:
ಸರ್, ಮೂಲೆಯ ಚರಂಡಿಯಲ್ಲಿ ಒಂದು ಖಾಲಿ ಕ್ಯಾನ್ ಬಿದ್ದಿದೆ. ಲೇಬಲ್ ಹರಿದುಹೋಗಿದೆ, ಬಣ್ಣದ ತ್ರಿಕೋನದ ಗುರುತು ಅರ್ಧ ಉಳಿದಿದೆ. ಎತ್ತಿಟ್ಟುಕೊಳ್ಳಲಾ?

ಮನೆ ನಂ. 5:
ಬರಿಗೈಯಲ್ಲಿ ಮುಟ್ಟಬೇಡಪ್ಪ! ಎಲ್ಲಿ ಬಿದ್ದಿದೆ ಅಂತ ಗೊತ್ತಾಗುವ ಹಾಗೆ ಫೋಟೋ ತೆಗೆದುಕೋ. ಮಕ್ಕಳು ಆ ಕಡೆ ಹೋಗದ ಹಾಗೆ ನೋಡಿಕೊಳ್ಳಿ.

ಮನೆ ನಂ. 14 (ವಕೀಲರು):
ಕೋರ್ಟಿನಲ್ಲಿದ್ದೆ, ಈಗ ನೋಡಿದೆ. 5ನೇ ಮನೆಯ ರಾಯರು ಹೇಳಿದ್ದು ಸರಿ.

ಮೊದಲು ಒಂದು ಮಹಜರು ಬರೆಯೋಣ. ಯಾವ ಮನೆಯಲ್ಲಿ ಯಾವ ಗಿಡ, ಎಷ್ಟು, ಗ್ರಿಲ್ಲಿನಿಂದ ಎಷ್ಟು ಅಡಿ ಒಳಗೆ, ಎಂದು ಹೊಡೆದರು, ಯಾರು ನೋಡಿದರು. ಆ ಬೆಡ್‌ಶೀಟ್ ಮತ್ತೆ ಅದೇ ಜಾಗದಲ್ಲಿ ಹಾಕಿ ಒಂದು ಫೋಟೋ ಬೇಕು. ಐದಾರು ಮನೆಯವರು ಸಹಿ ಹಾಕಲಿ. ತೋಟಗಾರಿಕೆ ಇಲಾಖೆಗೂ ಪತ್ರ ಕೊಟ್ಟು ಒಬ್ಬರನ್ನು ಕಳಿಸಿ ಅಂತ ಕೇಳೋಣ. ರಾಯರ ಮಾತಿಗಿಂತ ಅವರ ಮುದ್ರೆಗೆ ಆಫೀಸಿನಲ್ಲಿ ಬೆಲೆ ಜಾಸ್ತಿ. ರಾಯರು ಬೇಜಾರು ಮಾಡಿಕೊಳ್ಳಬಾರದು.

ಆಮೇಲೆ ಆಯುಕ್ತರ ಹೆಸರಿಗೆ ಬರಹದಲ್ಲಿ ದೂರು. ವಾರ್ಡ್ ಆಫೀಸಿನಲ್ಲಿ ಬಾಯಿಮಾತಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬರಬೇಕು. ಅದೇ ದಿನ ರಾಜ್ಯ ಸರ್ಕಾರದ ದೂರಿನ ಸಹಾಯವಾಣಿ 1902ಕ್ಕೂ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಕೆಲಸದ ಆದೇಶ, ಗುತ್ತಿಗೆದಾರರು ಯಾರು, ಔಷಧಿಯ ಹೆಸರು ಮತ್ತು ಪ್ರಮಾಣ, ಹೊಡೆಯಲು ಪರವಾನಗಿ ಇದ್ದವರು ಯಾರು, ಇಷ್ಟೇ ಕೇಳಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಬೆಡ್‌ಶೀಟಿನ ಕಥೆ ಅದರಲ್ಲಿ ಬೇಡ, ದೂರಿನಲ್ಲಿ ಇರಲಿ. 30 ದಿನದಲ್ಲಿ ಉತ್ತರ ಬರಬೇಕು.

ಮನೆ ನಂ. 22:
ಗ್ಲೈಫೋಸೇಟ್ ನಿಷೇಧ ಆಗಿದೆ ಅಂತ ಎಲ್ಲೋ ಓದಿದ ನೆನಪು. ಅದನ್ನೇ ಬರೆದರೆ?

ಮನೆ ನಂ. 14:
ಪೂರ್ತಿ ನಿಷೇಧ ಅಲ್ಲ ಮೇಡಂ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಆದೇಶ ಹೊರಡಿಸಿತು. ಕೀಟ ನಿಯಂತ್ರಣ ಆಪರೇಟರ್‌ಗಳ ಮೂಲಕ ಬಿಟ್ಟು ಬೇರೆ ಯಾರೂ ಬಳಸುವಂತಿಲ್ಲ ಅಂತ. ಅದು ಕೋರ್ಟ್ ಮೆಟ್ಟಿಲೂ ಹತ್ತಿತು. ಅದರ ಮೇಲೇ ಕಟ್ಟಡ ಕಟ್ಟುವುದು ಬೇಡ. ಯಾವ ಔಷಧಿಯೇ ಆಗಿರಲಿ, ಗಾಳಿಯಲ್ಲಿ ಹೊಡೆದು ಪಕ್ಕದವರ ಗಿಡ ಹಾಳು ಮಾಡಿದರೆ ಅದು ನಿರ್ಲಕ್ಷ್ಯವೇ.

ಮನೆ ನಂ. 40:
ನಾನು ಹೂವಿನ ಅಕ್ಕನ ಮಗಳು. ಅಮ್ಮ ಹೇಳುವುದನ್ನು ಟೈಪ್ ಮಾಡುತ್ತಿದ್ದೇನೆ. ನಮ್ಮ ಮಲ್ಲಿಗೆ ಹಂಬು ಹನ್ನೆರಡು ವರ್ಷದ್ದು. ಅಮ್ಮ ದಿನಾ ಕಟ್ಟಿ ದೇವಸ್ಥಾನದ ಹತ್ತಿರ ಮಾರುತ್ತಾರೆ. ಈಗ ಮೊಗ್ಗೆಲ್ಲ ಉದುರುತ್ತಿದೆ. ಗಿಡಕ್ಕೆ ದುಡ್ಡು ಕೊಡುತ್ತಾರಾ ಅಂತ ಕೇಳುತ್ತಿದ್ದಾರೆ.

ಮನೆ ನಂ. 14:
ಅಕ್ಕನ ನಷ್ಟವನ್ನೇ ಮೊದಲು ಬರೆಯುತ್ತೇನೆ. ಉಳಿದವರು ನರ್ಸರಿಯಿಂದ ಅದೇ ಗಿಡದ ದರ ಬರೆಸಿಕೊಂಡು ಬನ್ನಿ. ಅಕ್ಕ ದಿನಕ್ಕೆ ಎಷ್ಟು ಮೊಳ ಮಾರುತ್ತಿದ್ದರು, ಏನು ದರಕ್ಕೆ ಅಂತ ಲೆಕ್ಕ ಬೇಕು. ಪಾಲಿಕೆ ಕೊಡದಿದ್ದರೆ ಖಾಯಂ ಜನತಾ ನ್ಯಾಯಾಲಯ ಇದೆ. ನೈರ್ಮಲ್ಯದ ಸೇವೆ ಅದರ ವ್ಯಾಪ್ತಿಗೆ ಬರುತ್ತದೆ, ಚರಂಡಿ ಕಳೆಯನ್ನು ಅದರಡಿ ತರಬಹುದು ಅನ್ನುವುದು ನನ್ನ ವಾದ. ಕೋರ್ಟ್ ಫೀ ಇಲ್ಲ. ಮೊದಲು ರಾಜಿ ಮಾಡಿಸಲು ನೋಡುತ್ತಾರೆ, ಆಗದಿದ್ದರೆ ತೀರ್ಪು ಕೊಡುತ್ತಾರೆ. ಒಂದು ಸಲ ಅಲ್ಲಿಗೆ ಹೋದರೆ ಅದೇ ವಿಷಯಕ್ಕೆ ಬೇರೆ ಕೋರ್ಟಿಗೆ ಹೋಗುವಂತಿಲ್ಲ, ಅದು ಗೊತ್ತಿರಲಿ.

ಮನೆ ನಂ. 31:
ಕಳೆ ತೆಗೆಯುವುದನ್ನೇ ನಿಲ್ಲಿಸಿ ಅಂತ ಬರೆದರೆ ನಾನು ಸಹಿ ಹಾಕುವುದಿಲ್ಲ. ಈಗಲೇ ಹೇಳಿದ್ದೇನೆ.

ಮನೆ ನಂ. 17:
ಹಾಗೆ ಬರೆಯುವುದಿಲ್ಲ ಸರ್. ಕೈಯಲ್ಲೋ ಮಷಿನ್‌ನಲ್ಲೋ ತೆಗೆಯಿರಿ, ಔಷಧಿ ಹೊಡೆಯುವುದೇ ಆದರೆ ಮುಂಚೆ ತಿಳಿಸಿ, ಗಾಳಿ ಇರುವಾಗ ಬೇಡ ಅಂತ ಕೇಳೋಣ. ನಷ್ಟ ಕಟ್ಟಿಕೊಡಿ ಅಂತಲೂ ಕೇಳೋಣ.

ಹೊಡೆಯಲು ಬಂದಿದ್ದ ಇಬ್ಬರ ಮೇಲೆ ಮಾತ್ರ ಏನೂ ಬರೆಯುವುದು ಬೇಡ. ಕೈಗವಸು ಇರಲಿಲ್ಲ, ಮೂಗಿಗೆ ಒಂದು ಟವೆಲ್ ಕಟ್ಟಿಕೊಂಡಿದ್ದರು ಅಷ್ಟೇ. ಒಬ್ಬರು ನಮ್ಮ ಗೇಟಿನ ಹತ್ತಿರ ಬಂದು ಕೈ ತೊಳೆಯಲು ನೀರು ಕೇಳಿದರು. ಕೈಯೆಲ್ಲ ಕೆಂಪಾಗಿತ್ತು. ಅವರಿಗೆ ಕೈಗವಸು ಯಾಕೆ ಕೊಟ್ಟಿಲ್ಲ ಅನ್ನುವುದನ್ನೂ ದೂರಿನಲ್ಲಿ ಸೇರಿಸಿ ವಕೀಲರೇ.

ಮನೆ ನಂ. 14:
ಸೇರಿಸುತ್ತೇನೆ. ಖಂಡಿತ.

ಮನೆ ನಂ. 31:
ಹಾಗಾದರೆ ಸರಿ. ನಮ್ಮ ಮನೆಯಲ್ಲಿ ಪ್ರಿಂಟರ್ ಇದೆ. ಕಾಗದ ನೀವೇ ತನ್ನಿ.

ಮನೆ ನಂ. 17:
ಭಾನುವಾರ ಬೆಳಿಗ್ಗೆ 8ಕ್ಕೆ ನಮ್ಮ ಗೇಟಿನ ಹತ್ತಿರ ಸೇರೋಣ, ಅಲ್ಲಿಂದ ಒಂದೊಂದೇ ಮನೆ ನೋಡಿಕೊಂಡು 40ರ ತನಕ ಹೋಗೋಣ. ಟೇಪು ನಾನು ತರುತ್ತೇನೆ. ಪೋಸ್ಟಲ್ ಆರ್ಡರ್ ಯಾರಾದರೂ ಶನಿವಾರವೇ ತಂದಿಟ್ಟಿರಿ. 36ರವರೇ, ನೀರು ಸಂಜೆ 5ಕ್ಕಂತೆ.