‘ಋಣ ತಾಪ’ ಎಂದರೆ ಮೈನಸ್ ಡಿಗ್ರಿಯೇ?

ಚಳಿದೇಶದ ಮನೆಗಳಲ್ಲಿ ಟೈಲ್ಸಿನ ಅಡಿಗೆ ಕಾಯುವ ಕೇಬಲ್ ಹಾಸಿ ನೆಲವನ್ನು ಬೆಚ್ಚಗಿಡುತ್ತಾರಲ್ಲ, ಅದನ್ನು ಜೋಡಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಡುಪಿಯ ಸೆಕೆಯಲ್ಲಿ ಫ್ಯಾನಿನಡಿ ಕೂತು ನೆಲ ಕಾಯಿಸುವ ಪಾಠ ಬರೆಯುವುದು ತಮಾಷೆಯೇ. ಆದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗುವ ನಮ್ಮೂರಿನ ಹುಡುಗರಿಗೆ ಇದು ಬೇಕಂತೆ.

ಸಿಕ್ಕಿಬಿದ್ದದ್ದು ನೆಲದ ಬಿಸಿ ಅಳೆಯುವ ಸೆನ್ಸರ್ ಆರಿಸುವ ಪುಟದಲ್ಲಿ. ಅಲ್ಲಿ ಹೆಚ್ಚಾಗಿ ಬಳಸುವುದು ಎನ್‌ಟಿಸಿ (ನೆಗೆಟಿವ್ ಟೆಂಪರೇಚರ್ ಕೋಎಫಿಶಿಯೆಂಟ್) ಥರ್ಮಿಸ್ಟರ್. ವಿಜ್ಞಾನದ ಕನ್ನಡದ ಜಾಡು ಹಿಡಿದು ‘ಋಣ ತಾಪ ಗುಣಾಂಕದ ಸಂವೇದಕ’ ಎಂದು ಬರೆದೆ. ಪಕ್ಕದ ಮನೆಯ ಎಲೆಕ್ಟ್ರಿಷಿಯನ್ ಓದಿ, “ಇದು ಮೈನಸ್ ಡಿಗ್ರಿಗೆ ಹೋಗುವ ಊರಿಗೆ ಮಾತ್ರವಾ?” ಎಂದು ಕೇಳಿದರು. ತಪ್ಪು ಅವರದ್ದಲ್ಲ. ಋಣ ಸೇರಬೇಕಾದ್ದು ಗುಣಾಂಕಕ್ಕೆ, ಅಂದರೆ ಬಿಸಿಯೊಡನೆ ಆಗುವ ಬದಲಾವಣೆಯ ಲೆಕ್ಕಕ್ಕೆ; ನನ್ನ ಸಮಾಸದಲ್ಲಿ ಅದು ಹೋಗಿ ತಾಪಕ್ಕೆ ಅಂಟಿಕೊಂಡಿದೆ. ಹಿಮ ಬೀಳುವ ದೇಶದ ಸಾಮಾನು ಬೇರೆ, ಹಾಗಾಗಿ ಅನುಮಾನಕ್ಕೆ ಎಡೆಯೇ ಇಲ್ಲ!

ವಿಷಯ ಇಷ್ಟೇ: ಬಿಸಿ ಏರಿದಂತೆ ಇದರ ರೋಧ (ಕರೆಂಟಿಗೆ ಒಡ್ಡುವ ತಡೆ) ಇಳಿಯುತ್ತದೆ. 25 ಡಿಗ್ರಿಯಲ್ಲಿ 10 ಸಾವಿರ ಓಂ ಇರುವ ಸಾಮಾನ್ಯ ಸೆನ್ಸರ್ 50 ಡಿಗ್ರಿಯಲ್ಲಿ ಮೂರೂವರೆ ಸಾವಿರದ ಆಸುಪಾಸಿಗೆ ಬರುತ್ತದೆ. ಪಿಟಿ100 ಎಂಬ ಪ್ಲಾಟಿನಂ ಸೆನ್ಸರ್ ಇದಕ್ಕೆ ತಿರುಗುಮುರುಗು: ಸೊನ್ನೆ ಡಿಗ್ರಿಯಲ್ಲಿ 100 ಓಂ, 100 ಡಿಗ್ರಿಯಲ್ಲಿ 138.5. ಹಾಗಾಗಿ ‘ಇಳಿರೋಧ ಸೆನ್ಸರ್’, ‘ಏರುರೋಧ ಸೆನ್ಸರ್’ ಎಂದರೆ ಹೇಗೆ? ‘ತಾಪದ ಋಣ ಗುಣಾಂಕ’ ಎಂದು ತಿದ್ದಿದರೆ ವ್ಯಾಕರಣ ಸರಿಹೋಗುತ್ತದೆ, ಆದರೆ ಋಣ ಎಂದೊಡನೆ ಸೊಸೈಟಿಯ ಸಾಲ ನೆನಪಾಗುವವರಿಗೆ ಏನೂ ಉಪಕಾರವಿಲ್ಲ.

ಇದು ಬರೀ ಪದದ ಚಪಲವಲ್ಲ. ಥರ್ಮೋಸ್ಟಾಟ್ ಯಾವ ಬಗೆಯದನ್ನು ಕೇಳುತ್ತದೋ ಅದನ್ನೇ ಹಾಕಬೇಕು. 10 ಸಾವಿರದ್ದು ಬೇಕಾದಲ್ಲಿ 12 ಸಾವಿರದ್ದು ಹಾಕಿದರೆ, 25 ಡಿಗ್ರಿಯ ನೆಲವನ್ನು ಅದು ಸುಮಾರು 21 ಎಂದು ಓದಿ ಇನ್ನೂ ಕಾಯಿಸುತ್ತಲೇ ಇರುತ್ತದೆ. ಥರ್ಮೋಸ್ಟಾಟ್ ಮತ್ತು ಸೆನ್ಸರ್ ಎರಡಕ್ಕೂ ‘ತಾಪ ನಿಯಂತ್ರಕ’ ಎಂದು ಬರೆದವರನ್ನು ಕಂಡಿದ್ದೇನೆ. ಸೆನ್ಸರ್ ಅಳೆಯುವುದು, ಥರ್ಮೋಸ್ಟಾಟ್ ಕರೆಂಟ್ ಕಡಿಯುವುದು. ಇಸ್ತ್ರಿಪೆಟ್ಟಿಗೆಯ ದೆಸೆಯಿಂದ ಥರ್ಮೋಸ್ಟಾಟ್ ಎಲ್ಲರಿಗೂ ಗೊತ್ತು, ಅದನ್ನು ಹಾಗೆಯೇ ಬಿಡುತ್ತೇನೆ.

ಇನ್ನು ಟೈಲ್ಸಿಗೆ ಬರೆದಿದ್ದ ‘ಹಂಚು’. ಮೊದಲ ಕರಡಿನಲ್ಲಿ ‘ಎರಡು ಕೇಬಲ್‌ಗಳ ನಡುವೆ, ಹಂಚಿನಡಿಯ ಪೈಪಿನೊಳಗೆ ಸೆನ್ಸರ್ ತೂರಿಸಿ, ಪೈಪಿನ ತುದಿ ಮುಚ್ಚಿ’ ಎಂದಿದ್ದೆ. ಪೈಪು ಏಕೆಂದರೆ ಸೆನ್ಸರ್ ಕೆಟ್ಟರೆ ನೆಲ ಒಡೆಯದೆ ಎಳೆದು ಬದಲಿಸಬಹುದು. ತುದಿ ತೆರೆದಿದ್ದರೆ ಟೈಲ್ಸಿನ ಗಮ್ ಒಳಗೆ ಹೋಗಿ ಸೆನ್ಸರ್ ಅಲ್ಲೇ ಕಚ್ಚಿಕೊಳ್ಳುತ್ತದೆ. ನಮ್ಮ ಮನೆಗೆ ಬಂದಿದ್ದ ಟೈಲ್ಸ್ ಮೇಸ್ತ್ರಿ ಆ ಸಾಲು ಓದಿ ತಲೆಯೆತ್ತಿ, “ಇದೆಂತ, ಪೈಪು ಮಾಡಿಗೆ ಹೋಗುವುದಾ?” ಎಂದರು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಹಂಚು ಎಂದರೆ ಮಾಡಿನದ್ದೇ, ಅಂದರೆ ಚಾವಣಿಯದ್ದೇ. ಬಡಗಣ ಕನ್ನಡಿಗರು ಓದಿದರೆ ರೊಟ್ಟಿ ಬೇಯಿಸುವ ಹಂಚು ಕಣ್ಣೆದುರು ಬಂದೀತು, ಬಿಸಿಯಂತೂ ಅಲ್ಲೂ ಉಂಟು. ‘ಟೈಲ್ಸ್’ ಎಂದೇ ಉಳಿಸಿದೆ.

‘ಸಂವೇದಕ’ವನ್ನೂ ಕೈಬಿಟ್ಟೆ. ‘ಇಳಿರೋಧ’ ಮಾತ್ರ ನಾನು ಕಟ್ಟಿದ್ದಾದ್ದರಿಂದ ಧೈರ್ಯ ಸಾಲದು. ವರ್ಕ್‌ಶಾಪಿನಲ್ಲೋ ಐಟಿಐ ಪಾಠದಲ್ಲೋ ಇದಕ್ಕೆ ಓಡಾಡುತ್ತಿರುವ ಕನ್ನಡ ಮಾತು ಯಾರಾದರೂ ಕೇಳಿದ್ದೀರಾ?